ಪೈಗಳಿಗೆ ಲೈಸೆನ್ಸ್ ಉಂಟಾ?

“ಸುಶಾಂತಾ! ಬಕೆಟಿನಲ್ಲಿ ಎಂತದೋ ಉಂಟು! ಅದು ನನ್ನನ್ನೇ ನೋಡ್ತಾ ಉಂಟು!”

ಬಾತ್‌ರೂಮಿನಿಂದ ಪೂವಕ್ಕಜ್ಜಿಯ ಕೂಗು ಕೇಳಿದ್ದೇ ನಿಶ್ಮಿತಾ ಹಾಸಿಗೆಯಿಂದ ಹಾರಿದಳು. ಅಜ್ಜಿ ದಿನಾ ಸ್ನಾನಕ್ಕೆ ಹೋಗುವುದು ಏಳು ಗಂಟೆಗೆ. ಇವತ್ತು ಆರಕ್ಕೇ ಹೋಗಿಬಿಟ್ಟಿದ್ದರು!

ಪಪ್ಪ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಸೇಫ್ಟಿ ಗ್ಲೌಸ್ ಹಿಡಿದುಕೊಂಡು ಓಡಿ ಬಂದರು. ಅಜ್ಜಿ ಸೀರೆ ಎತ್ತಿ ಹಿಡಿದು ಕಮೋಡಿನ ಮುಚ್ಚಳದ ಮೇಲೆ ನಿಂತಿದ್ದರು.

ನೀಲಿ ಬಕೆಟಿನ ತಳದಲ್ಲಿ ಒಂದು ಪ್ರಾಣಿ ಕೂತಿತ್ತು. ಗೇಣುದ್ದ. ಬೂದಿ ಮೆತ್ತಿದಂಥ ಕಪ್ಪು ಬಣ್ಣ. ಅಗಲ ಹೊಟ್ಟೆ. ಬಾಲದ ತುಂಬ ಹಲಸಿನ ಹಣ್ಣಿನ ಹಾಗೆ ಮುಳ್ಳು. ಅದರ ಮುಂದೆ ಸೌತೆಕಾಯಿಯ ನಾಲ್ಕು ಬಿಲ್ಲೆಗಳು.

“ಸೌತೆಕಾಯಿ ಅದೇ ಕತ್ತರಿಸಿಕೊಂಡು ಬಂದದ್ದಾ?” ಎಂದರು ಪಪ್ಪ. ಕೇಳಿದ್ದು ಬಕೆಟನ್ನು ನೋಡಿಕೊಂಡಲ್ಲ, ನಿಶ್ಮಿತಾಳನ್ನು ನೋಡಿಕೊಂಡು.

“ಅವನ ಹೆಸರು ಸ್ಪೈಕಿ,” ಎಂದಳು ನಿಶ್ಮಿತಾ. “ನಿನ್ನೆ ಪಿಕ್‌ನಿಕ್‌ನಲ್ಲಿ ಸಿಕ್ಕಿದ. ನಾನು ಓಡಿಸಿಕೊಂಡು ಹೋಗಿ ಹಿಡಿದದ್ದಲ್ಲ ಪಪ್ಪ. ಬೆಳ್ಳಂಬೆಳಿಗ್ಗೆ ಚಳಿಯಲ್ಲಿ ಒಂದು ಪೊದೆಯ ಹತ್ತಿರ ಕೂತಿದ್ದ. ಸುಮ್ಮನೆ ಕೈ ಹಾಕಿದೆ, ಓಡಲೇ ಇಲ್ಲ. ನನ್ನ ಕೈಯಲ್ಲಿ ಕೂತ. ಅವನಿಗೆ ನಾನು ಇಷ್ಟ.”

“ಆಮೇಲೆ?”

“ಆಮೇಲೆ ಟಿಫಿನ್ ಬ್ಯಾಗಿನಲ್ಲೂ ಕೂತ.”

“ನನ್ನ ನೀರುದೋಸೆ ಇದ್ದ ಬ್ಯಾಗಿನಲ್ಲಾ!” ಅಜ್ಜಿ ಕಮೋಡಿನ ಮೇಲಿಂದಲೇ ಚೀರಿದರು.

ಪಪ್ಪ ಬಗ್ಗಿ ನೋಡಿದರು. ಅದು ಧಬ್. ಕತಾರಿನ ಮರಳುಗಾಡಿನಲ್ಲಿ ಬಿಲ ತೋಡಿಕೊಂಡು ಇರುವ, ಸೊಪ್ಪು ತಿನ್ನುವ ಮುಳ್ಳುಬಾಲದ ಹಲ್ಲಿ. ಇದು ಇನ್ನೂ ಮರಿ.

“ಇದನ್ನು ಇಟ್ಟುಕೊಳ್ಳಲಿಕ್ಕೆ ಲೈಸೆನ್ಸ್ ಉಂಟಾ ನಿನ್ನ ಹತ್ತಿರ?”

ಪಪ್ಪ ಹೀಗೆ ಕೇಳುತ್ತಾರೆಂದು ನಿಶ್ಮಿತಾಳಿಗೆ ಗೊತ್ತಿತ್ತು. ಮೆಸಯೀದಿನ ಒಂದು ಕಾರ್ಖಾನೆಯಲ್ಲಿ ಪಪ್ಪನ ಕೆಲಸವೇ ಪರ್ಮಿಟ್ ಕೊಡುವುದು. ಅವರು ಸಹಿ ಹಾಕದೆ ಅಲ್ಲಿ ಯಾರೂ ಒಂದು ಬಲ್ಬ್ ಕೂಡ ಬದಲಿಸುವ ಹಾಗಿಲ್ಲ.

“ಮೇಲಿನ ಫ್ಲ್ಯಾಟಿನ ಶರೀಫ್ ಅಂಕಲ್ ಹತ್ತಿರ ಗಿಳಿ ಇಲ್ವಾ?” ಎಂದಳು.

“ಅದು ಅಂಗಡಿಯಿಂದ ಪೇಪರ್ ಸಮೇತ ತಂದದ್ದು. ಇದು ಕಾಡುಪ್ರಾಣಿ, ಈ ದೇಶದ್ದೇ ಪ್ರಾಣಿ. ಇದಕ್ಕೆ ರೂಲ್ಸ್ ಬೇರೆ.”

ಅಜ್ಜಿ ಮೆಲ್ಲ ಕೆಳಗಿಳಿದರು. “ಪಾಪ, ಅದಕ್ಕೂ ವೀಸಾ ಬೇಕಾ?”

“ಅದಕ್ಕೆ ಬೇಡ ಅಮ್ಮಾ. ಅದು ಇಲ್ಲಿಯದ್ದೇ. ವೀಸಾ ಬೇಕಾದದ್ದು ನಮಗೆ.”

“ಹಾಗಾದ್ರೆ ಲೈಸೆನ್ಸ್ ತೆಗೊಳ್ಳುವಾ ಪಪ್ಪ! ಪ್ಲೀಸ್!” ನಿಶ್ಮಿತಾಳ ಸ್ವರ ಒಮ್ಮೆಲೇ ಸಣ್ಣದಾಯಿತು. ಚಿಕ್ಕಮ್ಮನ ಬಾಣಂತನಕ್ಕೆಂದು ಅಮ್ಮ ಮಂಗಳೂರಿಗೆ ಹೋಗಿ ಇಪ್ಪತ್ತು ದಿನಗಳಾಗಿದ್ದವು. ಈ ಬಿಲ್ಡಿಂಗಿನಲ್ಲಿ ಅವಳ ವಯಸ್ಸಿನವರು ಒಬ್ಬರೂ ಇರಲಿಲ್ಲ. ಇದ್ದ ಒಬ್ಬಳು, ವೆನಿಟಾ, ಜನವರಿಯಲ್ಲಿ ಅಲ್ ಗರಾಫಾಕ್ಕೆ ಮನೆ ಬದಲಿಸಿದ್ದಳು.

ಪಪ್ಪ ಮಗಳ ಮುಖ ನೋಡಿದರು. “ಇವತ್ತು ಕಾಡುಪ್ರಾಣಿಗಳ ಆಫೀಸಿಗೆ ರಜೆ. ನಾಳೆ ಫೋನ್ ಮಾಡಿ ಕೇಳ್ತೇನೆ. ಅವರು ಏನು ಹೇಳ್ತಾರೋ ಅದೇ ಫೈನಲ್. ಓಕೆ?”

“ಓಕೆ.”

ಶನಿವಾರ ಇಡೀ ನಿಶ್ಮಿತಾ ಬಕೆಟಿನ ಪಕ್ಕದಲ್ಲೇ ಕೂತಳು. ಆಫೀಸಿನವರು ಕೇಳಿದರೆ ತಯಾರಿರಲಿ ಎಂದು, ಪಪ್ಪನ ಪರ್ಮಿಟ್ ನೋಡಿಕೊಂಡು ತಾನೇ ಒಂದು ಫಾರ್ಮ್ ಮಾಡಿದಳು.

ಪ್ರಾಣಿಯ ಹೆಸರು: ಸ್ಪೈಕಿ. ವಿಳಾಸ: ಬಾತ್‌ರೂಮ್, ನೀಲಿ ಬಕೆಟ್. ಅಪಾಯಗಳು: ಅಜ್ಜಿ ಕಿರುಚುವುದು. ಮುನ್ನೆಚ್ಚರಿಕೆ: ಅಜ್ಜಿ ಇನ್ನೊಂದು ಬಾತ್‌ರೂಮಿಗೆ ಹೋಗುವುದು.

ಆದರೆ ಅಜ್ಜಿ ಇನ್ನೊಂದು ಬಾತ್‌ರೂಮಿಗೆ ಹೋಗಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ಬಂದು ಇಣುಕಿದರು. ಸ್ಪೈಕಿ ಎನ್ನಲು ಅವರಿಗೆ ನಾಲಿಗೆ ಹೊರಳಲಿಲ್ಲ.

“ಪೈಕಿಯಾ? ಎಂತ ಪೈಕಿ? ಕೂತದ್ದು ನೋಡು, ಹೊಟ್ಟೆ ಬಿಟ್ಟುಕೊಂಡು. ನಮ್ಮೂರಿನ ಅಂಗಡಿಯ ಪೈಗಳು ಗಲ್ಲಾಪೆಟ್ಟಿಗೆಯ ಮುಂದೆ ಹೀಗೇ ಕೂತುಕೊಳ್ಳುವುದು.”

ಅಂದಿನಿಂದ ಅವನು ಪೈಗಳಾದ.

“ಪೈಗಳು ಊಟ ಮಾಡಿದರಾ?” ಎಂದು ಕೇಳಿಕೊಂಡು ಅಜ್ಜಿ ಬೆಂಡೆಕಾಯಿ ತಂದರು. ಬಸಳೆ ಸೊಪ್ಪು ತಂದರು. ಕೊನೆಗೆ ಒಂದು ನೀರುದೋಸೆಯನ್ನೂ ತಂದರು. ಪೈಗಳು ಯಾವುದನ್ನೂ ಮುಟ್ಟಲಿಲ್ಲ. ಎಸಿಯ ತಂಪಿನಲ್ಲಿ ಅರ್ಧ ಕಣ್ಣು ಮುಚ್ಚಿ ಕೂತೇ ಇದ್ದರು. ನಿಶ್ಮಿತಾ ಎತ್ತಿ ಅಂಗೈಯಲ್ಲಿಟ್ಟುಕೊಂಡರೆ ಅಲ್ಲೂ ಹಾಗೆಯೇ ಕೂತರು.

“ನೋಡಿ ಅಜ್ಜಿ, ನನ್ನ ಹತ್ತಿರ ಎಷ್ಟು ಗುಡ್ ಬಾಯ್!”

“ಗುಡ್ ಬಾಯ್ ಹೌದು ಮಗಾ. ಆದ್ರೆ ನಿನ್ನೆಯಿಂದ ಹೊಟ್ಟೆಗೆ ಎಂತದೂ ಹೋಗಲಿಲ್ಲವಲ್ಲ,” ಎಂದರು ಅಜ್ಜಿ.

ಕತಾರಿನಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಭಾನುವಾರ ನಿಶ್ಮಿತಾ ಶಾಲೆಗೆ ಹೊರಡುವ ಮೊದಲೇ ಪಪ್ಪ ಆ ಆಫೀಸಿಗೆ ಫೋನ್ ಮಾಡಿ ಸ್ಪೀಕರಿನಲ್ಲಿಟ್ಟರು. ಅತ್ತ ಕಡೆಯಿಂದ ಒಂದು ದಪ್ಪ ಸ್ವರ ಅರಬಿ ಬೆರೆತ ಇಂಗ್ಲಿಷಿನಲ್ಲಿ ಮಾತಾಡಿತು.

“ಧಬ್? ಜೀವಂತ ಇದೆಯಾ?”

“ಯೆಸ್ ಸರ್.”

“ನಿಮಗೆ ತಿನ್ನಲಿಕ್ಕಾ?”

“ನೋ!” ನಿಶ್ಮಿತಾ ಕಿರುಚಿದಳು.

“ಎಂತ ಕೇಳಿದರು?” ಎಂದು ಅಜ್ಜಿ ಪಪ್ಪನ ಅಂಗಿ ಎಳೆದರು.

“ತಿನ್ನಲಿಕ್ಕಾ ಅಂತ ಕೇಳ್ತಾರೆ ಅಮ್ಮಾ. ಇಲ್ಲಿ ಕೆಲವರು ತಿನ್ನುತ್ತಾರೆ.”

“ಶಿವ ಶಿವಾ! ಪೈಗಳನ್ನಾ?”

ಫೋನಿನ ಸ್ವರ ಮತ್ತೆ ಕೇಳಿತು. “ಅದನ್ನು ತಂದದ್ದು ಯಾರು?”

ಪಪ್ಪ ಬಾಯಿ ತೆರೆದರು. ಇದರಿಂದ ಪಪ್ಪನಿಗೆ ಫೈನ್ ಬೀಳಬಹುದೇ? ಕೆಲಸಕ್ಕೆ ತೊಂದರೆಯಾಗಬಹುದೇ? ನಿಶ್ಮಿತಾ ಪಪ್ಪನಿಗಿಂತ ಮೊದಲೇ ಮುಂದೆ ಬಂದಳು.

“ನಾನು ಸರ್,” ಎಂದಳು ಫೋನಿನ ಹತ್ತಿರ ಬಾಗಿ. “ಪಪ್ಪನಿಗೆ ಗೊತ್ತಿರಲಿಲ್ಲ. ನನಗೆ ಹತ್ತು ವರ್ಷ. ಲೈಸೆನ್ಸ್ ಕೊಡ್ತೀರಾ ಪ್ಲೀಸ್? ಫಾರ್ಮ್ ತುಂಬಿಸಿ ಇಟ್ಟಿದ್ದೇನೆ.”

ಅತ್ತ ಒಂದು ನಿಟ್ಟುಸಿರು ಕೇಳಿಸಿತು. “ನನ್ನ ಮಗನೂ ಹೀಗೇ ಒಂದನ್ನು ತಂದು ಬಾತ್‌ಟಬ್‌ನಲ್ಲಿ ಇಟ್ಟಿದ್ದ. ನನ್ನ ಹೆಂಡತಿ ಎರಡು ದಿನ ತಾಯಿ ಮನೆಯಲ್ಲಿದ್ದಳು. ಕೇಳು ಮಗು, ಮರಳುಗಾಡಿನಿಂದ ಎತ್ತಿಕೊಂಡು ಬಂದದ್ದಕ್ಕೆ ಲೈಸೆನ್ಸ್ ಮಾಫಿ, ಇಲ್ಲವೇ ಇಲ್ಲ. ಯಾರಿಗೂ ಇಲ್ಲ. ಎಲ್ಲಿಂದ ತೆಗೆದೆಯೋ ಅಲ್ಲೇ ಬಿಟ್ಟು ಬಾ. ಅದೇ ಜಾಗದಲ್ಲಿ. ಅದರ ಬಿಲ ಅಲ್ಲಿದೆ. ಬಿಸಿಲಿರುವಾಗಲೇ ಹೋಗಿ. ಬಿಟ್ಟರೆ ಖಲಾಸ್, ವಿಷಯ ಮುಗಿಯಿತು, ಫೈನ್ ಇಲ್ಲ.”

ನಿಶ್ಮಿತಾ ಆ ದಿನ ಶಾಲೆಯಲ್ಲಿ ಏನು ಪಾಠ ಕೇಳಿದಳೋ ಅವಳಿಗೇ ಗೊತ್ತಿಲ್ಲ.

ಪಪ್ಪ ಅರ್ಧ ದಿನ ರಜೆ ಹಾಕಿ ಬಂದರು. ಮಧ್ಯಾಹ್ನ ಮೂರು ಗಂಟೆಗೆ ಕಾರು ಮರಳುಗಾಡಿನ ಕಡೆ ಹೊರಟಿತು. ಹಿಂದಿನ ಸೀಟಿನಲ್ಲಿ ಅಜ್ಜಿ, ನಿಶ್ಮಿತಾ, ಇಬ್ಬರ ನಡುವೆ ನೀಲಿ ಬಕೆಟ್.

“ಎಸಿ ಬಂದ್ ಮಾಡು ಸುಶಾಂತಾ,” ಎಂದರು ಅಜ್ಜಿ. “ಪೈಗಳು ಮುದುಡಿ ಕೂತಿದ್ದಾರೆ.”

ಎಸಿ ನಿಂತಿತು. ಕಿಟಕಿಯಿಂದ ಬಿಸಿಗಾಳಿ ನುಗ್ಗಿತು. ಹತ್ತು ನಿಮಿಷದಲ್ಲಿ ಮೂವರೂ ಬೆವರಿ ತೊಪ್ಪೆಯಾದರು. ಬಕೆಟಿನೊಳಕ್ಕೆ ಬಿಸಿಲು ಬೀಳುತ್ತಿತ್ತು.

“ಅಯ್ಯೋ, ಗಾಡಿ ನಿಲ್ಸು!” ಅಜ್ಜಿ ಒಮ್ಮೆಲೇ ಕೂಗಿದರು. “ಪೈಗಳಿಗೆ ಕಾಮಾಲೆ ಆಗಿದೆ!”

ನಿಶ್ಮಿತಾ ಬಗ್ಗಿ ನೋಡಿದಳು. ಕಪ್ಪು ಬಣ್ಣ ಮಾಯವಾಗುತ್ತಿತ್ತು. ಬೆನ್ನ ಮೇಲೆ ಹಳದಿ ಮೂಡುತ್ತಿತ್ತು, ಮಾವಿನ ಹಣ್ಣಿನ ಸಿಪ್ಪೆಯಂಥ ಹಳದಿ. ಕಣ್ಣು ಪೂರ್ತಿ ತೆರೆದಿತ್ತು.

“ಕಾಮಾಲೆ ಅಲ್ಲ ಅಮ್ಮಾ. ತಂಪಿಗೆ ಕಪ್ಪಾಗಿ ಅಲ್ಲಾಡದೆ ಕೂರ್ತವೆ. ಮೈ ಬಿಸಿಯಾದರೆ ಅವುಗಳ ಬಣ್ಣ ಹಾಗೇ,” ಎಂದರು ಪಪ್ಪ.

ನಿಶ್ಮಿತಾ ಎಂದಿನಂತೆ ಎತ್ತಿಕೊಳ್ಳಲು ಕೈ ಹಾಕಿದಳು. ಪೈಗಳು ಬಾಯಿ ಅಗಲಿಸಿ ಹುಸ್ಸೆಂದರು. ಮುಳ್ಳುಬಾಲ ಬೀಸಿ ಬಕೆಟಿಗೆ ಟಪ್ಪೆಂದು ಹೊಡೆದರು. ಅವಳು ಕೈ ಹಿಂದೆಳೆದುಕೊಂಡಳು. ಆಮೇಲೆ ದಾರಿಯುದ್ದಕ್ಕೂ ಬಕೆಟಿನೊಳಗೆ ಟಪ್, ಟಪ್, ಪರಪರ ಸದ್ದು. ಅವಳು ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಳು.

ಪಿಕ್‌ನಿಕ್ ಜಾಗ ಸಿಕ್ಕಿತು. ಆದರೆ ಅಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಒಂದೇ ಥರದ ಕುರುಚಲು ಪೊದೆಗಳು.

“ಯಾವ ಪೊದೆ?” ಎಂದರು ಪಪ್ಪ.

“ದೂರದ್ದು.”

“ಅಷ್ಟು ದೂರ ಒಬ್ಬಳೇ ಯಾಕೆ ಹೋದದ್ದು ನೀನು?”

ನಿಶ್ಮಿತಾ ಚಪ್ಪಲಿಯಿಂದ ಮರಳು ಕೆದಕಿದಳು. “ಸೂಸು ಮಾಡ್ಲಿಕ್ಕೆ.”

ಪಪ್ಪ ಕೆಮ್ಮಿದರು. ಅಜ್ಜಿ ಕೊಡೆ ಬಿಡಿಸಿದರು. “ಹಾಗಾದ್ರೆ ಯಾರಿಗೂ ಕಾಣದ ಜಾಗ ಹುಡುಕಿರ್ತಿ. ನಡಿ, ಮುಂದೆ ಹೋಗು.”

ಅಜ್ಜಿ ಹೇಳಿದ್ದು ಸರಿಯಾಗಿತ್ತು. ಒಂದು ದಿಬ್ಬದ ಹಿಂದೆ ಹಳೆಯ ಟಯರೊಂದು ಅರ್ಧ ಹೂತು ಹೋಗಿತ್ತು. ಅದನ್ನು ಕಂಡದ್ದೇ ನಿಶ್ಮಿತಾಳಿಗೆ ಎಲ್ಲ ನೆನಪಾಯಿತು. “ಇಲ್ಲೇ! ಈ ಪೊದೆ!” ಪೊದೆಯಿಂದ ನಾಲ್ಕು ಹೆಜ್ಜೆ ಆಚೆ ಅರ್ಧಚಂದ್ರದ ಆಕಾರದ ಒಂದು ಬಿಲವಿತ್ತು. ಮೊನ್ನೆ ಅದನ್ನು ಅವಳು ನೋಡಿರಲೇ ಇಲ್ಲ.

ಅವಳೇ ಬಕೆಟನ್ನು ಮೆಲ್ಲ ವಾಲಿಸಿದಳು.

“ಬೈ ಸ್ಪೈ—”

ಹೆಸರು ಮುಗಿಯುವ ಮೊದಲೇ ಹಳದಿ ಗೆರೆ ಎಳೆದ ಹಾಗೆ ಅವನು ಓಡಿದ. ಅಷ್ಟು ಜೋರಾಗಿ ಓಡಬಲ್ಲನೆಂದು ಅವಳು ಎಣಿಸಿಯೇ ಇರಲಿಲ್ಲ. ಸೀದಾ ಬಿಲದೊಳಗೆ ನುಗ್ಗಿದ. ಮುಳ್ಳುಬಾಲ ಮಾತ್ರ ಬಿಲದ ಬಾಯಿಗೆ ಅಡ್ಡವಾಗಿ ನಿಂತಿತು.

“ಬಾಗಿಲು ಹಾಕಿಕೊಂಡರು ಪೈಗಳು,” ಎಂದರು ಅಜ್ಜಿ. “ಬನ್ನಿ, ಹೋಗುವಾ. ನನ್ನ ತಲೆ ಬೇಯ್ತಾ ಉಂಟು.”

ಅಜ್ಜಿ, ಪಪ್ಪ ಕಾರಿನ ಕಡೆ ನಡೆದರು. ನಿಶ್ಮಿತಾ ಬಿಲದ ಮುಂದೆ ಮೊಣಕಾಲೂರಿದಳು. ಎರಡು ದಿನ ಅವನನ್ನು ಕೂರಿಸಿಕೊಂಡಿದ್ದ ಅಂಗೈಯನ್ನು ಮರಳಿನ ಮೇಲಿಟ್ಟಳು. ಚುರ್ ಎಂದಿತು! ಕೈ ತೆಗೆದು ಊದಿಕೊಂಡಳು. ಮತ್ತೆ ಇಟ್ಟಳು.

“ಇಷ್ಟು ಬಿಸಿ ಬೇಕಿತ್ತಾ ನಿಂಗೆ?” ಎಂದು ಬಾಲಕ್ಕೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು. “ನಾನು ಬೇರೆಯೇ ಎಣಿಸಿದ್ದೆ.”