ಹದಿಮೂರು ವಿದೇಶಿ ಭಾಗಗಳು

ಬೇಟೆ ಕ್ಲಬ್ಬಿನ ಮೇಜಿನ ಮೇಲೆ ಆರ್ಲಿನ್ ಕೆಸ್ಲರನ ರೈಫಲ್ ಬಿಚ್ಚಿ ಹರಡಿತ್ತು. ಡಿಟೆಕ್ಟಿವ್ ವರ್ನಾ ಪ್ರೂಟ್ ಎರಡು ಸಲ ಎಣಿಸಿದಳು. ವಿದೇಶಿ ಭಾಗಗಳು ಹದಿಮೂರು. ಇಂಥ ಆಮದು ರೈಫಲ್ಲಿನಲ್ಲಿ ಕಾನೂನು ಒಪ್ಪುವುದು ಹತ್ತೇ; ಉಳಿದವು ಅಮೆರಿಕದಲ್ಲೇ ಮಾಡಿದವಿರಬೇಕು.

"ಮೂರು ಅಮೆರಿಕದ್ದು ಹಾಕಿದ್ದೆ ಮೇಡಂ," ಅಂದ ಆರ್ಲಿನ್. ಮುಖ ಬಿಳಿಚಿಕೊಂಡಿತ್ತು. "ಟ್ರಿಗರ್, ಹ್ಯಾಮರ್, ಅದರ ಜೊತೆಯದ್ದು. ಈಗ ನೋಡಿದ್ರೆ ಮೂರೂ ರೊಮೇನಿಯಾದ್ದು."

ಸಾಬೀತಾದರೆ ಐದು ವರ್ಷದವರೆಗೂ ಜೈಲು. ಆಮೇಲೆ ಬಂದೂಕು ಮುಟ್ಟುವಂತಿಲ್ಲ. ಪಶ್ಚಿಮ ವರ್ಜೀನಿಯಾದ ಆ ಊರಿಗೆ ಇಪ್ಪತ್ತು ವರ್ಷದಿಂದ ಬೇಟೆ ಕಲಿಸಿದ ಮೇಷ್ಟ್ರು ಅವನು. ಪಾಪ, ಬೇರೆ ಬದುಕೇ ಗೊತ್ತಿಲ್ಲ.

ಹೆಸರು ಹೇಳದೆ ಯಾರೋ ಪೊಲೀಸರಿಗೆ ಫೋನ್ ಮಾಡಿದ್ದರು. "ಕೆಸ್ಲರನ ರೈಫಲ್ ಬಿಚ್ಚಿ ನೋಡಿ. ಹದಿಮೂರಿವೆ."

*

ವರ್ನಾ ಮೊದಲು ಹೋದದ್ದು ಆರ್ಲಿನ್‌ನ ಪಕ್ಕದ ಮನೆಯ ಮುದುಕ ಡಾಯಲ್ ಫೆನ್ ಹತ್ತಿರ. ಇಬ್ಬರಿಗೂ ಎಣ್ಣೆ ಸೀಗೆಕಾಯಿ.

"ಅವನ ನಾಯಿ ನನ್ನ ಕೋಳಿ ತಿಂದಿದೆ. ಅವನನ್ನ ಕಂಡ್ರೆ ಮೈಯೆಲ್ಲ ಉರಿಯುತ್ತೆ," ಅಂದ ಡಾಯಲ್. "ಆದ್ರೆ ಒಳಗೆ ಎಷ್ಟಿವೆ ಅಂತ ನನಗೇನ್ ಗೊತ್ತು? ಅದನ್ನ ಬಿಚ್ಚಿದವನಿಗೇ ಗೊತ್ತಿರಬೇಕು."

ಮುದುಕ ಸರಿಯಾಗೇ ಹೇಳಿದ್ದ. ವರ್ನಾ ಆರ್ಲಿನ್ ಮನೆಗೆ ನಡೆದಳು.

"ತೆಗೆದ ಹಳೇ ಭಾಗ ಎಲ್ಲಿ?"

ಆರ್ಲಿನ್ ಕಾಫಿ ಡಬ್ಬ ತಂದಿಟ್ಟ. ಮೂರೂ ಎಣ್ಣೆ ಬಟ್ಟೆಯಲ್ಲಿ ಸುತ್ತಿದ್ದವು. "ಹೊಸದರ ಮೇಲೆ ನನ್ನ ಹೆಸರಿನ ಎರಡಕ್ಷರ ಕೊರೆದಿದ್ದೆ," ಅಂದ.

*

ಕ್ಲಬ್ಬಿನಲ್ಲಿ ಅಂಥದ್ದೇ ರೈಫಲ್ ಇದ್ದದ್ದು ಇನ್ನೊಬ್ಬನ ಬಳಿ. ರಾಸ್ಕೋ ಟಾಲ್ಮನ್, ಆರ್ಲಿನ್‌ನ ಸಹಾಯಕ ಮೇಷ್ಟ್ರು.

"ಹಳೇದನ್ನೇ ವಾಪಸ್ ಹಾಕಿರ್ತಾನೆ ಬಿಡಿ," ಅಂದ ಕ್ಲಬ್ಬಿನ ಬಂದೂಕು ಕೋಣೆಯಲ್ಲಿದ್ದ ರಾಸ್ಕೋ.

ಜೊತೆಗೆ ಬಂದಿದ್ದ ಆರ್ಲಿನ್ ಬಾಗಿಲಲ್ಲೇ ನಿಂತ. ವರ್ನಾ ಕಾಫಿ ಡಬ್ಬ ತೆರೆದಳು. "ಹಳೇದು ಇಲ್ಲಿದೆ. ಅವನ ರೈಫಲ್ಲಿನಲ್ಲಿರೋದು ಬೇರೆ ಯಾರದ್ದೋ. ನಿಮ್ಮದನ್ನ ಬಿಚ್ಚಿ."

ರಾಸ್ಕೋ ಅಲ್ಲಾಡಲಿಲ್ಲ. ಅವಳೇ ಬಿಚ್ಚಿದಳು. ಅಮೆರಿಕದ ಮೂರು ಭಾಗಗಳು, ಮೂರರ ಮೇಲೂ ಆರ್ಲಿನ್‌ನ ಅಕ್ಷರ.

"ಶನಿವಾರ ಅವನು ಪಾಠ ಮಾಡ್ತಿದ್ದಾಗ ರೈಫಲ್ ಈ ಕೋಣೆಯಲ್ಲಿತ್ತು. ಬೀಗದ ಕೈ ನಿಮ್ಮ ಹತ್ತಿರ. ಅವನು ಜೈಲಿಗೆ ಹೋದರೆ ಮೇಷ್ಟ್ರು ನೀವೇ."

ರಾಸ್ಕೋ ಸೋತು ನಕ್ಕ. "ಆಯ್ತು, ಕಳ್ಳತನ ಅಂತ ಬರ್ಕೊಳ್ಳಿ. ಆದ್ರೂ ಆ ರೈಫಲ್ ಅವನದ್ದೇ ತಾನೆ? ಒಳಗೆ ಹೋಗೋನು ಅವನೇ."

"ಈ ಕಾನೂನು ರೈಫಲ್ ಯಾರದ್ದು ಅಂತ ಕೇಳಲ್ಲ. ಯಾರು ಜೋಡಿಸಿದ್ರು ಅಂತ ಕೇಳುತ್ತೆ. ಹದಿಮೂರನ್ನ ಜೋಡಿಸಿದ ಕೈ ನಿಮ್ಮದು."

ರಾಸ್ಕೋನ ನಗು ಇಂಗಿಹೋಯಿತು. "ಆರ್ಲಿನ್, ಈ ಕಾನೂನಿನ ಮಾತು ಸುಳ್ಳು ತಾನೆ? ನೀನಾದ್ರೂ ಹೇಳೋ."

ಆರ್ಲಿನ್‌ಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚಾಗಿತ್ತು.

"ಪ್ರತಿ ವರ್ಷ ಇದೇ ಪಾಠ ಮಾಡ್ತೀನಲ್ಲೋ," ಅಂದ. "ನೀನು ಪಕ್ಕದಲ್ಲೇ ನಿಂತಿರ್ತಿದ್ದೆ."