ಮೂರನೇ ಸಾಲಿನ ಅಲ್ಪವಿರಾಮ

“ನಿಲ್ಲಿಸಿ, ನಿಲ್ಲಿಸಿ! ಮತ್ತೆ ಅದೇ ಜಾಗ!”

ಅಪೊಲೋನಿಯಾ ಮಿಸ್ ಪೆನ್ಸಿಲಿನಿಂದ ಮೇಜು ಕುಟ್ಟಿದರು. ಚರ್ಚಿನ ಹಿಂದಿನ ಕೋಣೆಯಲ್ಲಿ ಸಾಲಾಗಿ ನಿಂತಿದ್ದ ಹನ್ನೊಂದು ಮಕ್ಕಳೂ ಬಾಯಿ ಮುಚ್ಚಿದರು. ಕೋಣೆಯ ಕಿಟಕಿಗಳನ್ನೆಲ್ಲ ಭದ್ರವಾಗಿ ಹಾಕಲಾಗಿತ್ತು. ಕ್ರಿಸ್ಮಸ್‌ಗೆ ಇನ್ನೂ ಹತ್ತು ದಿನವಿತ್ತು. ಹಬ್ಬಕ್ಕೆ ಮುಂಚೆಯೇ ಹಬ್ಬದ ಹಾಡು ಬೀದಿಗೆ ಕೇಳಿಸಿದರೆ ಲಿಪೊವ್ಕಾ ಊರಿನ ಅಜ್ಜಿಯರು ಸುಮ್ಮನೆ ಬಿಡುವವರಲ್ಲ.

“ಹಾಡಿನ ಮೂರನೇ ಸಾಲಿನ ನಡುವೆ ಯಾಕ್ರೋ ನಿಲ್ತೀರಿ? ‘ಹುಲ್ಲಿನ ಮೇಲೆ ಮಲಗಿದ ಕಂದ.’ ಎಲ್ಲಾ ಒಂದೇ ಉಸಿರಲ್ಲಿ ಬರಬೇಕು. ಇಲ್ಲಿ ನಿಲ್ಲಿ ಅಂತ ಕಾಗದದಲ್ಲಿ ಬರೆದೇ ಇಲ್ಲ.”

“ಅದು ಹಂಗೇ ಮಿಸ್,” ಎಂದ ಫಾಬಿಯಾನ್. “ನಮ್ಮೂರಲ್ಲಿ ಎಲ್ಲರೂ ಅಲ್ಲಿ ನಿಲ್ತಾರೆ.”

“ಯಾಕೆ?”

“ಯಾಕೆ ಅಂದ್ರೆ… ಹಂಗೇ.”

“ಹಾಗಾದ್ರೆ ಊರಿಗೆ ಊರೇ ತಪ್ಪು ಹಾಡ್ತಿದೆ. ಈ ಸಲ ಸರಿ ಮಾಡೋಣ.”

ಅಪೊಲೋನಿಯಾ ಮಿಸ್ ಊರಿನ ಹೊಸ ಆರ್ಗನ್ ವಾದಕಿ. ಸೆಪ್ಟೆಂಬರಿನಲ್ಲಷ್ಟೇ ಬಂದಿದ್ದರು. ಚರ್ಚಿನ ಹಳೆಯ ಬೀರುವಿನಲ್ಲಿದ್ದ ಕ್ರಿಸ್ಮಸ್ ಹಾಡುಗಳನ್ನೆಲ್ಲ ಸೇರಿಸಿ ಒಂದು ಪುಟ್ಟ ಪುಸ್ತಕ ಮಾಡುತ್ತಿದ್ದರು. ಪ್ರತಿ ಹಾಡಿನ ಕೆಳಗೂ ಅದನ್ನು ಬರೆದವರ ಹೆಸರಿತ್ತು. ಈ ಹಾಡಿನ ಕೆಳಗೆ ಮಾತ್ರ ‘ಬರೆದವರು: ತಿಳಿದಿಲ್ಲ’ ಎಂದಿತ್ತು.

ಮಕ್ಕಳ ನಡುವೆ ನಿಂತಿದ್ದ ಸಾಲ್ಕಾ ತನ್ನ ಕೈಯಲ್ಲಿದ್ದ ಹಾಳೆಯಲ್ಲಿ ಅದನ್ನು ಎರಡು ಸಲ ಓದಿದಳು.

“ಮಿಸ್, ಇದು ತಪ್ಪು. ಈ ಹಾಡು ಬರೆದಿದ್ದು ನಮ್ಮಪ್ಪ.”

“ಓಹೋ!” ಎಂದ ಫಾಬಿಯಾನ್. “ಅದು ನೂರು ವರ್ಷ ಹಳೇ ಹಾಡು ಕಣೇ. ನಿಮ್ಮಪ್ಪ ಆರ್ಗನ್ ಬಾರಿಸ್ತಿದ್ರು ಅಷ್ಟೇ. ಚರ್ಚಿನ ಗೋಪುರಾನೂ ಅವರೇ ಕಟ್ಟಿದ್ರಾ?”

ಮಕ್ಕಳು ಕಿಸಕ್ಕೆಂದರು. ಮಿಸ್ ಕಣ್ಣು ಬಿಟ್ಟ ಮೇಲೆ ಸುಮ್ಮನಾದರು.

ಎಲ್ಲರೂ ಹೋದ ನಂತರ ಮಿಸ್ ಸಾಲ್ಕಾಳನ್ನು ಹತ್ತಿರ ಕರೆದರು. “ಪುಟ್ಟಿ, ನಿಮ್ಮಪ್ಪನ ಕೈಬರಹದ ಕಾಗದ ನೋಡಿದೀನಿ. ಅದರಲ್ಲಿ ಹೆಸರಿಲ್ಲ. ಫಾದರ್‌ನ ಕೇಳಿದೆ. ಬೀರುವಿನಲ್ಲಿ ಹಳೇ ಹಾಡೊಂದು ಸಿಕ್ತು, ಕಾಗದ ಪುಡಿಯಾಗಿತ್ತು, ನಕಲು ಮಾಡಿಟ್ಟೆ ಅಂತ ನಿಮ್ಮಪ್ಪನೇ ಹೇಳಿದ್ರಂತೆ.”

“ಅದು ಸುಳ್ಳು!”

“ಇರಬಹುದು. ಏನಾದ್ರೂ ಗುರುತು ಸಿಕ್ಕರೆ ತಾ. ಸೋಮವಾರ ಪುಸ್ತಕ ಪ್ರಿಂಟಿಗೆ ಹೋಗುತ್ತೆ.”

ಸುಳ್ಳು ಎಂದು ಸಾಲ್ಕಾಳಿಗೆ ಗೊತ್ತಿತ್ತು. ಅವಳಿಗೆ ಆರು ವರ್ಷವಿದ್ದಾಗ ಅಪ್ಪ ಅಡುಗೆಮನೆಯ ಒಲೆಯ ಪಕ್ಕ ಕೂತು ಆ ಹಾಡು ಬರೆದಿದ್ದನ್ನು ಅವಳೇ ನೋಡಿದ್ದಳು. ‘ನಮ್ಮನೆ ಒಲೆಯ ಬಳಿಗೆ ಬಾರೋ’ ಎಂಬ ಕೊನೆಯ ಸಾಲಿಗೆ ಅಪ್ಪ ಅವಳ ಮೂಗು ಹಿಂಡಿ ನಕ್ಕಿದ್ದರು. “ಹೊಸ ಹಾಡು ಅಂದ್ರೆ ನಮ್ಮೂರಿನೋರು ತುಟಿ ಬಿಚ್ಚಲ್ಲ ಸಾಲ್ಕಾ. ಹಳೇದು ಅಂದ್ರೆ ಸೂರು ಹಾರಿಹೋಗೋ ಹಾಗೆ ಹಾಡ್ತಾರೆ. ಇದು ನಮ್ಮಿಬ್ಬರ ಗುಟ್ಟು, ಆಯ್ತಾ?”

ಆ ಗುಟ್ಟು ಗೊತ್ತಿದ್ದ ಇಬ್ಬರಲ್ಲಿ ಒಬ್ಬರು ಮಾರ್ಚ್ ತಿಂಗಳಿನಿಂದ ಚರ್ಚಿನ ಹಿಂದಿನ ಮಣ್ಣಿನಡಿ ಮಲಗಿದ್ದರು.

ಸಾಲ್ಕಾ ಮನೆಗೆ ಹೋಗಿ ಅಮ್ಮನನ್ನು ಕೇಳಿದಳು. ಅಮ್ಮ ಹಬ್ಬದ ಸುರುಳಿ ಕೇಕಿಗೆ ಗಸಗಸೆ ರುಬ್ಬುತ್ತಿದ್ದರು. ಅವರ ಕೈ ನಿಂತಿತು. “ನಂಗೂ ಬೀರುವಿನಲ್ಲಿ ಸಿಕ್ತು ಅಂತಲೇ ಹೇಳಿದ್ರು ಕಣೇ,” ಎಂದರು ಮೆಲ್ಲಗೆ.

ಸಾಲ್ಕಾ ಅಪ್ಪನ ಡ್ರಾಯರು, ಕೋಟಿನ ಜೇಬು, ಸ್ವರಪುಸ್ತಕದ ಹಾಳೆಗಳ ನಡುವೆ ಎಲ್ಲ ಹುಡುಕಿದಳು. ಕೆಮ್ಮಿನ ಮಾತ್ರೆಯ ಖಾಲಿ ಡಬ್ಬಿ ಬಿಟ್ಟು ಬೇರೇನೂ ಸಿಗಲಿಲ್ಲ.

ಮರುದಿನ ಶನಿವಾರ. ಕ್ರಿಸ್ಮಸ್ ಮುನ್ನಾದಿನ ಊಟಕ್ಕೆ ಕೂರುವಾಗ ಎಲ್ಲರೂ ಮುರಿದು ಹಂಚಿಕೊಳ್ಳುವ ತೆಳ್ಳನೆಯ ಬಿಳಿ ರೊಟ್ಟಿಯನ್ನು ಮನೆಮನೆಗೆ ತಲುಪಿಸುವುದು ಆರ್ಗನ್ ನುಡಿಸುವವರ ಕೆಲಸ. ಅಪ್ಪ ಪ್ರತಿ ವರ್ಷ ಸಾಲ್ಕಾಳನ್ನು ಜಾರುಬಂಡಿಯ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಮಿಸ್‌ಗೆ ಮನೆಗಳು ಗೊತ್ತಿರಲಿಲ್ಲ. ದಾರಿ ತೋರಿಸಲು ಸಾಲ್ಕಾಳೇ ಹೊರಟಳು. ಈ ಸಲ ಜಾರುಬಂಡಿಯ ಮೇಲೆ ರೊಟ್ಟಿಯ ಬುಟ್ಟಿ ಮಾತ್ರ ಇತ್ತು.

ಹೋದ ಮನೆಯಲ್ಲೆಲ್ಲ ಅವಳು ಒಂದೇ ಮಾತು ಕೇಳಿದಳು: “‘ಹುಲ್ಲಿನ ಮೇಲೆ ಮಲಗಿದ ಕಂದ’ ಹಾಡು ಯಾರು ಬರೆದಿದ್ದು ಗೊತ್ತಾ?”

“ಯಾರಿಗ್ಗೊತ್ತು, ಹಳೇ ಹಾಡು,” ಎಂದರು ಎಲ್ಲರೂ. ಒಬ್ಬರಂತೂ ಅದನ್ನು ಯಾರೋ ಕುರುಬ ಕಟ್ಟಿದ್ದು ಎಂದರು. ಅಪ್ಪನ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

ಕೊನೆಯ ಮನೆ ಬ್ರಿಗಿದಾ ಅಜ್ಜಿಯದು. ಅಜ್ಜಿ ಇಬ್ಬರನ್ನೂ ಒಲೆಯ ಪಕ್ಕ ಕೂರಿಸಿ ಬಿಸಿ ಹಣ್ಣಿನ ಪಾನಕ ಕೊಟ್ಟರು.

“ಯಾವ ಹಾಡು? ಅದಾ! ನಮ್ಮಜ್ಜಿ ಹಾಡ್ತಿದ್ದ ಹಾಡು ಅದು. ನಾನು ತೊಟ್ಟಿಲಲ್ಲಿದ್ದಾಗ್ಲೇ ಕೇಳಿದೀನಿ.”

“ಅಜ್ಜೀ, ನಿಜವಾಗ್ಲೂ?”

“ಮತ್ತಿನ್ನೇನು ಸುಳ್ಳಾ? ಕೇಳು ಬೇಕಾದ್ರೆ.” ಅಜ್ಜಿ ಕಿಟಕಿ ಮುಚ್ಚಿದೆಯಾ ಎಂದು ತಿರುಗಿ ನೋಡಿದರು. “ಹಬ್ಬಕ್ಕೆ ಮುಂಚೆ ಹಾಡಬಾರದು, ಫಾದರ್‌ಗೆ ಹೇಳಿಬಿಟ್ಟೀಯ!” ಕಣ್ಣು ಮುಚ್ಚಿ, ಮಡಿಲಲ್ಲಿ ಕೈಯಿಟ್ಟುಕೊಂಡು ಶುರುಮಾಡಿದರು.

“ಕದ ತೆರೆ ಊರೇ, ಹಿಮ ಬಿದ್ದಿದೆ ಹೊರಗೆ,
ಹಾಸಿಗೆ ಇಲ್ಲ ಪುಟ್ಟ ದೊರೆಗೆ,
ಹುಲ್ಲಿನ ಮೇಲೆ…”

ಅಜ್ಜಿ ನಿಲ್ಲಿಸಿದರು. ಮೂಗಿನಿಂದ ಉದ್ದಕ್ಕೆ ಉಸಿರೆಳೆದುಕೊಂಡರು.

“…ಮಲಗಿದ ಕಂದ,
ನಮ್ಮನೆ ಒಲೆಯ ಬಳಿಗೆ ಬಾರೋ.”



ಆ ಉಸಿರು ಸಾಲ್ಕಾಳಿಗೆ ಗೊತ್ತಿತ್ತು. ಕೊನೆಯ ಎರಡು ಚಳಿಗಾಲ ಅಪ್ಪ ಚರ್ಚಿನ ಮೇಲಿನ ಅಟ್ಟದಲ್ಲಿ ಆರ್ಗನ್ ನುಡಿಸುತ್ತಾ ಹಾಡುವಾಗ ಅವಳು ಪಕ್ಕದಲ್ಲೇ ಕೂರುತ್ತಿದ್ದಳು. ಮೂರನೇ ಸಾಲಿಗೆ ಬರುವ ಹೊತ್ತಿಗೆ ಅಪ್ಪನ ಎದೆ ಬರಿದಾಗುತ್ತಿತ್ತು. ಆರ್ಗನ್ನಿನ ಕೀಲಿಮಣೆಯ ಮೇಲಿಂದ ಕೈ ಎತ್ತುತ್ತಿದ್ದರು. ಸಣ್ಣ ಸೀಟಿಯಂಥ ಸದ್ದಿನೊಂದಿಗೆ ಉಸಿರು ಒಳಗೆ ಹೋಗುತ್ತಿತ್ತು. ಕೆಳಗೆ ಇಡೀ ಚರ್ಚು ಸುಮ್ಮನಿರುತ್ತಿತ್ತು. ಆಮೇಲೆ ಅಪ್ಪ ಅವಳತ್ತ ನೋಡಿ ಕಣ್ಣು ಮಿಟುಕಿಸಿ ‘ಮಲಗಿದ ಕಂದ’ ಎನ್ನುತ್ತಿದ್ದರು.

“ಅಜ್ಜೀ, ನಡುವೆ ಯಾಕೆ ನಿಂತ್ರಿ?”

“ನಿಂತೆನಾ? ಅಲ್ಲಿ ಕೊರಳು ತಾನಾಗೇ ನಿಲ್ಲುತ್ತೆ ಮಗಾ. ನಮ್ಮಜ್ಜಿ ಕಲಿಸಿದ್ದು ಹಂಗೇ.”

“ನಿಮ್ಮಜ್ಜಿಗೂ ಎದೆ ಕಾಯಿಲೆ ಇತ್ತಾ?”

“ಅವಳಿಗಾ?” ಅಜ್ಜಿ ನಕ್ಕುಬಿಟ್ಟರು. “ಎಂಬತ್ತು ವರ್ಷಕ್ಕೂ ಸೌದೆ ಹೊರೆ ಹೊತ್ಕೊಂಡು ಗುಡ್ಡ ಹತ್ತೋಳು! ಅವಳು ಕೂಗಿದ್ರೆ ಪಕ್ಕದೂರಿನ ನಾಯಿ ಬೊಗಳೋದು!”

ಮಿಸ್ ಪಾನಕದ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. ಅಜ್ಜಿಯನ್ನು ನೋಡಿದರು. ಆಮೇಲೆ ಸಾಲ್ಕಾಳನ್ನು ಬಹಳ ಹೊತ್ತು ನೋಡಿದರು.

ಇಬ್ಬರೂ ಹೊರಗೆ ಬಂದರು. ಜಾರುಬಂಡಿ ಹಿಮದ ಮೇಲೆ ಕರಕರ ಎನ್ನುತ್ತಿತ್ತು.

“ನಿಮ್ಮಪ್ಪ ಅಲ್ಲಿ ಉಸಿರು ತಗೋತಿದ್ರು,” ಎಂದರು ಮಿಸ್. “ಅಜ್ಜಿ ಇದನ್ನ ಕಲಿತಿದ್ದು ಅವರಿಂದ, ಅವರಜ್ಜಿಯಿಂದ ಅಲ್ಲ.”

ಸಾಲ್ಕಾ ತಲೆಯಾಡಿಸಿದಳು.

“ನಾನು ಅದನ್ನ ಅಳಿಸಿಬಿಡೋಕೆ ಹೊರಟಿದ್ದೆ.” ಮಿಸ್ ಚೀಲದಿಂದ ಪ್ರಿಂಟಿಗೆ ಹೋಗಬೇಕಾಗಿದ್ದ ಹಾಳೆ ತೆಗೆದರು. “ಸಂಗೀತದಲ್ಲಿ ಉಸಿರಿಗೆ ಒಂದು ಗುರುತಿದೆ. ಸಾಲಿನ ಮೇಲೆ ಒಂದು ಅಲ್ಪವಿರಾಮ. ತಗೋ, ನೀನೇ ಹಾಕು. ಕೆಳಗೆ ಅವರ ಹೆಸರನ್ನೂ ಬರಿ. ನನಗಿಷ್ಟು ಗುರುತು ಸಾಕು.”

ಸಾಲ್ಕಾ ಬುಟ್ಟಿಯ ಮುಚ್ಚಳದ ಮೇಲೆ ಹಾಳೆ ಇಟ್ಟು ಕೈಗವಸು ಕಳಚಿದಳು. ‘ಹುಲ್ಲಿನ ಮೇಲೆ’ ಆದ ಕೂಡಲೇ ಒಂದು ಅಲ್ಪವಿರಾಮ ಹಾಕಿದಳು. ಪೆನ್ಸಿಲು ಕೆಳಗೆ, ‘ತಿಳಿದಿಲ್ಲ’ ಎಂಬಲ್ಲಿಗೆ ಬಂತು. ಅಲ್ಲೇ ನಿಂತಿತು. ಕಣ್ಣು ಮುಚ್ಚಿ ಹಾಡುತ್ತಿದ್ದ ಬ್ರಿಗಿದಾ ಅಜ್ಜಿಯ ಮುಖ ನೆನಪಾಯಿತು. ತಮ್ಮ ಅಜ್ಜಿಯ ಮಡಿಲಲ್ಲಿ ಕೂತ ಮಗುವಿನ ಹಾಗಿತ್ತು ಆ ಮುಖ.

ಅವಳು ಪೆನ್ಸಿಲನ್ನು ಮಿಸ್ ಕೈಗೆ ಕೊಟ್ಟಳು.

“ಹೆಸರು?”

“ಬೇಡ ಮಿಸ್. ಅದು ಗುಟ್ಟು. ಈಗ ಮೂರು ಜನಕ್ಕೆ ಗೊತ್ತಾಗುತ್ತೆ. ಅಮ್ಮನಿಗೆ ಇವತ್ತು ಹೇಳ್ತೀನಿ.”

ಕ್ರಿಸ್ಮಸ್ ದಿನ ಬೆಳಿಗ್ಗೆ ಚರ್ಚು ತುಂಬಿತ್ತು. ಒದ್ದೆ ಕೋಟುಗಳಿಂದ ಹಬೆ ಏಳುತ್ತಿತ್ತು. ಸಾಲ್ಕಾ ಅಮ್ಮನ ಕೈ ಹಿಡಿದು ನಿಂತಿದ್ದಳು. ಮೇಲೆ ಆರ್ಗನ್ ಶುರುವಾಯಿತು. ಊರಿಗೆ ಊರೇ ಬಾಯಿ ತೆರೆಯಿತು. ಬ್ರಿಗಿದಾ ಅಜ್ಜಿ, ಫಾಬಿಯಾನ್, ಅಂಗಡಿಯವರು, ಎಲ್ಲರೂ ಗೋಪುರ ಹಾರಿಹೋಗುವ ಹಾಗೆ ಹಾಡಿದರು.

“ಹುಲ್ಲಿನ ಮೇಲೆ…”

ಮಿಸ್ ಕೀಲಿಮಣೆಯಿಂದ ಕೈ ಎತ್ತಿದರು. ಆರ್ಗನ್ ನಿಂತಿತು. ಇನ್ನೂರು ಜನರೂ ಹಾಡು ನಿಲ್ಲಿಸಿದರು. ಎಲ್ಲೋ ಒಂದು ಮೇಣದಬತ್ತಿ ಚಿಟಪಟ ಎಂದಿದ್ದು ಕೇಳಿಸಿತು. ಅಮ್ಮನ ಬೆರಳು ಅವಳ ಬೆರಳನ್ನು ಬಿಗಿಯಾಗಿ ಹಿಡಿಯಿತು.

ಸಾಲ್ಕಾ ತಲೆಯೆತ್ತಿ ಮೇಲಿನ ಅಟ್ಟವನ್ನು ನೋಡಿದಳು. ಅವಸರವೇನಿಲ್ಲ ಅಪ್ಪಾ, ಎಂದುಕೊಂಡಳು. ಎಲ್ಲರೂ ಕಾಯ್ತಿದೀವಿ.

ಆಮೇಲೆ ಎಲ್ಲರೊಂದಿಗೆ ಅವಳೂ ಉಸಿರೆಳೆದುಕೊಂಡಳು.