ಓಫೆಲಿಯಾ ಹೆಸರಿನಲ್ಲಿ ದುಡಿದವಳು

ವಾಯೆ ಸೆಕೊ ಠಾಣೆಗೆ ಆ ದೂರು ಬಂದದ್ದು ಆಗಸ್ಟ್ ಹನ್ನೆರಡು, ಸೋಮವಾರ ಬೆಳಿಗ್ಗೆ. ದೂರು ಕೊಡಲು ಬಂದವಳೂ ಆರೋಪಿಯೂ ಒಬ್ಬಳೇ ಆಗಿದ್ದರಿಂದ ಪೇದೆ ಯೆಸೇನಿಯಾಗೆ ಅದನ್ನು ಹೇಗೆ ದಾಖಲಿಸಬೇಕೆಂದು ತಿಳಿಯಲಿಲ್ಲ. ಆ ಹೆಂಗಸನ್ನು ಸೀದಾ ಇನ್‌ಸ್ಪೆಕ್ಟರ್ ಎಫ್ರಾಯಿನ್ ಸಲ್ದೀವಾರ್ ಎದುರು ಕೂರಿಸಿದಳು.

ಹೆಸರು ಕಸಿಮೀರಾ ಉಯೋವಾ. ವಯಸ್ಸು ಅರವತ್ತೇಳು. ಕುಳ್ಳಗಿನ ಗಟ್ಟಿ ಆಳು.

"ನಾನು ಅಪರಾಧ ಮಾಡಿದೀನಿ ಸಾಹೇಬ್ರೆ. ಬರ್ಕೊಳ್ಳಿ."

"ಏನ್ ಅಪರಾಧ?"

"ಇನ್ನೊಬ್ಬಳ ಹೆಸರಲ್ಲಿ ದುಡಿದೆ. ಇಪ್ಪತ್ತಾರು ವರ್ಷ."

ಸಲ್ದೀವಾರ್ ಪೆನ್ನು ಕೆಳಗಿಟ್ಟ. ಈ ಕಣಿವೆಯಲ್ಲಿ ಅದನ್ನು ಅಪರಾಧವೆಂದು ಹಿಡಿಯುತ್ತ ಕೂತರೆ ಪೀಚ್ ಹಣ್ಣುಗಳು ಮರದಲ್ಲೇ ಕೊಳೆಯಬೇಕಾಗುತ್ತದೆ. ಸರ್ಕಾರಕ್ಕೂ ಅದು ಗೊತ್ತು, ತೋಟದವರಿಗೂ ಗೊತ್ತು. ಗೊತ್ತಿಲ್ಲದವರಂತೆ ಇರುವುದಕ್ಕೆ ಎಲ್ಲರಿಗೂ ಸಂಬಳ ಬರುತ್ತದೆ, ಅಷ್ಟೇ.

ಕಸಿಮೀರಾ ಹೇಳಿದ್ದು ಇಷ್ಟು. ಗಡಿಯಾಚೆಯ ಮಿಚೊಆಕಾನಿನಿಂದ ಹಸುಗೂಸನ್ನು ಎತ್ತಿಕೊಂಡು ಬಂದಾಗ ಅವಳ ಬಳಿ ಇಲ್ಲಿ ಇರಲು, ದುಡಿಯಲು ಬೇಕಾದ ಯಾವ ಕಾಗದವೂ ಇರಲಿಲ್ಲ. ಪೀಚ್ ಪ್ಯಾಕಿಂಗ್ ಶೆಡ್ಡಿನ ಮೇಸ್ತ್ರಿ ಬಲ್ದೊಮೆರೊ, ಕಾಗದ ಇರುವ ಹೆಸರೊಂದನ್ನು ಹುಡುಕಿಕೊಂಡು ಬಾ ಎಂದ. ಮಗಳಿಗೆ ಜ್ಞಾನಸ್ನಾನದಲ್ಲಿ ತಾಯಿಯಾಗಿ ನಿಂತ ಓಫೆಲಿಯಾ ಅರ್ರೆಗೀನ್ ತನ್ನ ಹೆಸರನ್ನೂ ಸರ್ಕಾರ ಕೊಟ್ಟ ನಂಬರನ್ನೂ ಕೊಟ್ಟಳು. ಅಂಥ ಬಂಧುವಿಗೆ ಹೆಸರು ಕೊಡುವುದು ಆ ಊರಿನಲ್ಲಿ ಮೊಸರಿಗೆ ಹೆಪ್ಪು ಕೊಟ್ಟಷ್ಟೇ ಸಹಜ. ಕೂಲಿ ದುಡಿದವಳಿಗೆ, ವರ್ಷದ ಕೊನೆಗೆ ವಾಪಸು ಬರುವ ತೆರಿಗೆ ಹೆಸರು ಕೊಟ್ಟವಳಿಗೆ. ಇಬ್ಬರೂ ಮಾತಿಗೆ ತಪ್ಪಲಿಲ್ಲ. ಮುದಿತನದ ಮಾತನ್ನು ಮಾತ್ರ ಯಾರೂ ಎತ್ತಿರಲಿಲ್ಲ. ಮೈಯಲ್ಲಿ ಕಸುವಿದ್ದಾಗ ಅದು ಯಾರಿಗೆ ನೆನಪಾಗುತ್ತದೆ?

ಪ್ರತಿ ಕೂಲಿಯಲ್ಲೂ ಸರ್ಕಾರ ಪಿಂಚಣಿಗೆಂದು ಹಿಡಿದುಕೊಂಡದ್ದು ಓಫೆಲಿಯಾ ಹೆಸರಿಗೆ ಜಮೆಯಾಯಿತು. ಈಗ ಓಫೆಲಿಯಾಗೆ ತಿಂಗಳು ತಿಂಗಳು ಪಿಂಚಣಿ ಬರುತ್ತಿದೆ. ಕಸಿಮೀರಾಗೆ ಹೋದ ವರ್ಷ ಮಗಳ ಕಡೆಯಿಂದ ಕಾಗದ ಸಿಕ್ಕಿತು. ಪಿಂಚಣಿ ಕಚೇರಿಗೆ ಹೋದರೆ, ನೀನು ಈ ದೇಶದಲ್ಲಿ ಒಂದು ದಿನವೂ ಕೆಲಸ ಮಾಡಿಲ್ಲ, ಮಾಡಿದ್ದರೆ ಸಾಕ್ಷಿ ತಾ ಎಂದರು. ಮೇಸ್ತ್ರಿ ಇವಳ ಮುಖವನ್ನೇ ನೋಡಿಲ್ಲವೆಂದ. ಓಫೆಲಿಯಾ ಬಾಗಿಲು ತೆಗೆಯಲಿಲ್ಲ.

"ಪೊಲೀಸ್ನೋರು ಬರೆದ್ರೆ ಅದು ಸಾಕ್ಷಿ ತಾನೇ?" ಎಂದಳು.

"ಅಮ್ಮಾ, ಇದನ್ನ ಬರೆದ್ರೆ ಈಗ ಸಿಕ್ಕಿರೋ ಕಾಗದಾನೂ ಕಿತ್ಕೋಬಹುದು. ಗಡಿ ಆಚೆ ಬಿಟ್ಟು ಬರ್ತಾರೆ."

"ಕಾಗದ ಇಲ್ದೆ ಇರೋದು ನಂಗೆ ಹೊಸದಲ್ಲ ಮಗಾ. ದುಡಿದೇ ಇಲ್ಲ ಅನ್ನಿಸ್ಕೊಳ್ಳೋದು ಹೊಸದು."

ವಕೀಲರನ್ನು ಕಂಡು ಬನ್ನಿ ಎಂದು ಸಲ್ದೀವಾರ್ ಸಾಗಹಾಕಲು ನೋಡಿದ. ಅವಳು ಹೊರಗಿನ ಬೆಂಚಿನ ಮೇಲೆ ಕೂತಳು. ಮಧ್ಯಾಹ್ನ ಅಲ್ಲೇ ಗಂಟು ಬಿಚ್ಚಿ ತೊರ್ತಿಯಾ ರೊಟ್ಟಿ ಮತ್ತು ಬೀನ್ಸ್ ಕಾಳು ತಿಂದಳು. ಯೆಸೇನಿಯಾಗೂ ಒಂದು ಕೊಟ್ಟಳು. ಮಂಗಳವಾರ ಠಾಣೆಯ ಬಾಗಿಲು ತೆರೆಯುವ ಮೊದಲೇ ಬಂದು ನಿಂತಿದ್ದಳು. ಸಲ್ದೀವಾರ್ ದೂರು ದಾಖಲಿಸಿಕೊಂಡ.

ಮೊದಲು ಶೆಡ್ಡಿಗೆ ಹೋದರು. ಬಲ್ದೊಮೆರೊ ಟೋಪಿ ಕೂಡ ತೆಗೆಯಲಿಲ್ಲ.

"ಕಸಿಮೀರಾ ಉಯೋವಾ ಗೊತ್ತಾ?"

"ಇಲ್ಲ."

"ಓಫೆಲಿಯಾ ಅರ್ರೆಗೀನ್?"

"ಗೊತ್ತು. ಒಳ್ಳೆ ಆಳು. ಮೂರು ವರ್ಷದ ಹಿಂದೆ ಬಿಟ್ಲು."

"ನೋಡೋಕೆ ಹೇಗಿದ್ಲು?"

ಮೇಸ್ತ್ರಿ ಟೋಪಿಯನ್ನು ಇನ್ನಷ್ಟು ಕೆಳಗೆಳೆದುಕೊಂಡ. "ಎಲ್ಲರ ಹಾಗೇ. ಮುಖಕ್ಕೆ ಬಟ್ಟೆ ಕಟ್ಕೊಂಡಿರ್ತಾರಲ್ಲ."

ಅಲ್ಲಿಂದ ಓಫೆಲಿಯಾಳ ಮನೆ. ಸಣಕಲು ಹೆಂಗಸು. ಕಾಫಿ ಕೊಟ್ಟು, ಶೆಡ್ಡಿನಲ್ಲಿ ದುಡಿದವಳು ತಾನೇ ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಯಾವ ಸಾಲಿನಲ್ಲಿ ನಿಲ್ಲುತ್ತಿದ್ದಳು, ಊಟದ ಬಿಡುವು ಯಾವಾಗ, ಎಲ್ಲದಕ್ಕೂ ಉತ್ತರವಿತ್ತು. ಕಸಿಮೀರಾ ದಿನವೂ ಸಂಜೆ ಬಂದು ಹೇಳಿಕೊಂಡಿದ್ದ ಮಾತುಗಳೇ ಅವು.

ಹೊರಡುವ ಮುಂಚೆ ಸಲ್ದೀವಾರ್ ಸುಮ್ಮನೆ ಕೇಳುವಂತೆ ಕೇಳಿದ. "ಮನೆಗೆ ಬಂದ ಮೇಲೆ ಏನ್ ಮಾಡ್ತಿದ್ರಿ ಅಮ್ಮಾ? ಆ ನವೆಗೆ?"

"ಬಿಸಿ ಬಿಸಿ ನೀರು ಕಾಯಿಸಿ ಚೆನ್ನಾಗಿ ಸ್ನಾನ ಮಾಡ್ತಿದ್ದೆ."

ಯೆಸೇನಿಯಾ ತಲೆ ತಗ್ಗಿಸಿಕೊಂಡಳು. ಪೀಚ್ ಹಣ್ಣಿನ ಮೇಲಿನ ಸಣ್ಣ ರೋಮ ಕತ್ತು, ಮೊಣಕೈ, ರವಿಕೆಯ ಒಳಗೆಲ್ಲ ಸೇರಿಕೊಳ್ಳುತ್ತದೆ. ಅದರ ಮೇಲೆ ಬಿಸಿನೀರು ಹುಯ್ದುಕೊಂಡರೆ ಬೆಳಗಿನವರೆಗೂ ಮೈ ಉರಿ. ಶೆಡ್ಡಿನ ಹೆಂಗಸರು ಮೈಗೆ ಪೌಡರ್ ಬಳಿದುಕೊಂಡು ಹೋಗುತ್ತಾರೆ, ಬಂದು ತಣ್ಣೀರು ಹುಯ್ದುಕೊಳ್ಳುತ್ತಾರೆ. ಅಂಥದೇ ಶೆಡ್ಡಿನಲ್ಲಿ ದುಡಿಯುತ್ತಿದ್ದ ಸಲ್ದೀವಾರನ ತಾಯಿ ಅಂಗಳದಲ್ಲೇ ಬಟ್ಟೆ ಬದಲಿಸುವವರೆಗೆ ಮಕ್ಕಳನ್ನು ಮುಟ್ಟುತ್ತಿರಲಿಲ್ಲ.

"ನೀವು ಒಂದು ದಿನಾನೂ ಆ ಶೆಡ್ಡಿಗೆ ಹೋಗಿಲ್ಲ," ಎಂದ.

ಓಫೆಲಿಯಾ ಕಾಫಿ ಲೋಟಗಳನ್ನು ಎತ್ತಿ ಒಂದರೊಳಗೊಂದು ಇಟ್ಟಳು. "ಅವಳಿಗೆ ಮಗಳಿದ್ದಾಳೆ. ನಂಗೆ ಯಾರಿದ್ದಾರೆ? ಈ ಬೀದಿಯೋರ ಮಕ್ಕಳನ್ನೆಲ್ಲ ನಾನೇ ನೋಡ್ಕೊಂಡೆ, ಅವಳ ಮಗಳನ್ನೂ. ಅದು ಯಾರ ಲೆಕ್ಕದಲ್ಲೂ ಇಲ್ಲ." ಹೇಳಿಕೆಗೆ ಸಹಿ ಹಾಕಲು ಒಪ್ಪಲಿಲ್ಲ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸಲ್ದೀವಾರನಿಗೆ ಸಾಧ್ಯವಾಗಲಿಲ್ಲ.

ಓಫೆಲಿಯಾ ದುಡಿಯಲಿಲ್ಲ ಎಂಬುದು ಗೊತ್ತಾಯಿತು. ಕಸಿಮೀರಾ ದುಡಿದಳು ಎಂಬುದು ಇನ್ನೂ ಗೊತ್ತಾಗಬೇಕಿತ್ತು.

ಗುರುವಾರ ಊಟದ ಬಿಡುವಿಗೆ ಅವಳನ್ನು ಜೀಪಿನಲ್ಲಿ ಕೂರಿಸಿಕೊಂಡು ಶೆಡ್ಡಿನ ಗೇಟಿಗೆ ಹೋದರು. ಪೊಲೀಸ್ ಜೀಪು ಕಂಡದ್ದೇ ನೆರಳಿನಲ್ಲಿ ಉಣ್ಣುತ್ತಿದ್ದವರ ಮಾತು ನಿಂತಿತು. ಕೆಲವರು ಡಬ್ಬಿ ಮುಚ್ಚಿ, ಮುಖಕ್ಕೆ ಬಟ್ಟೆ ಎಳೆದುಕೊಂಡು ಎದ್ದರು. ಬಲ್ದೊಮೆರೊ ಗೇಟಿನಲ್ಲಿ ಕೈಕಟ್ಟಿ ನಿಂತ. ಕಸಿಮೀರಾ ಇಳಿದು, ಯಾರನ್ನೂ ಕರೆಯದೆ, ಬಿಸಿಲಿನಲ್ಲಿ ಹಾಗೇ ನಿಂತಳು.

ಯಾರೂ ಅಲುಗಲಿಲ್ಲ. ಆಮೇಲೆ ಎದುವೀಹೆಸ್ ಎಂಬ ವಯಸ್ಸಾದ ಹೆಂಗಸು ಮುಖದ ಬಟ್ಟೆ ಕೆಳಗೆಳೆದಳು.

"ಏನೇ ಓಫೆಲಿಯಾ, ಸತ್ತೇಹೋದೆ ಅಂದ್ಕೊಂಡಿದ್ದೆ. ದಪ್ಪ ಆಗಿದೀಯಲ್ಲೇ."

"ನಿನ್ನಷ್ಟಿಲ್ಲ ಬಿಡೆ," ಎಂದಳು ಕಸಿಮೀರಾ.

ನಗು ಎದ್ದಿತು. ಓಫೆಲಿಯಾ, ಓಫೆಲಿಯಾ ಎನ್ನುತ್ತ ಹೆಂಗಸರು ಸುತ್ತ ಸೇರಿದರು. ಸಲ್ದೀವಾರ್ ಬರೆದುಕೊಳ್ಳಲು ಕೂತಾಗ ಮಾತ್ರ ಒಬ್ಬೊಬ್ಬರೇ ಹಿಂದೆ ಸರಿದರು. ಅವರಲ್ಲಿ ಎಷ್ಟು ಜನ ಯಾರ ಯಾರ ಹೆಸರಿನಲ್ಲಿ ಉಣ್ಣುತ್ತಿದ್ದರೋ ಅವರಿಗೇ ಗೊತ್ತು.

"ನಂದು ನನ್ನದೇ ಹೆಸರು. ಬರ್ಕೊಳ್ಳಿ," ಎಂದಳು ಎದುವೀಹೆಸ್, ಮೇಸ್ತ್ರಿಯನ್ನೇ ನೋಡುತ್ತ. "ಇವಳು ನನ್ನ ಎಡಗಡೆ ನಿಂತು ದುಡಿದಳು. ಹೆಸರು ಯಾರದಾದ್ರೂ ಇರ್ಲಿ, ಕೈ ಇವಳದೇ. ನಾಳೆಯಿಂದ ನಂಗೆ ಕೆಲಸ ಇಲ್ಲ ಅಂತಾನೇನೋ ಈ ದೊಡ್ಡ ಮನುಷ್ಯ. ಅನ್ಲಿ."

ಎರಡನೆಯವಳು ತರುಣಿ. ತನ್ನ ಹೆಸರು ಹೇಳುವಾಗ ತಡವರಿಸಿದಳು. ಸಲ್ದೀವಾರ್ ಅವಳು ಹೇಳಿದ್ದನ್ನೇ ಬರೆದುಕೊಂಡ, ಎರಡನೇ ಸಲ ಕೇಳಲಿಲ್ಲ. ಬಿಡುವು ಮುಗಿಯುವಷ್ಟರಲ್ಲಿ ಮಹಜರಿನ ಕೆಳಗೆ ಸಹಿಗಳಿಗೆ ಜಾಗ ಸಾಲದೆ ಯೆಸೇನಿಯಾ ಇನ್ನೊಂದು ಹಾಳೆ ಸೇರಿಸಿದಳು. ಕಾಗದ ಇಲ್ಲದವರಿಗೆಲ್ಲ ಬೇರೆಯವರ ಹೆಸರು ತರಲು ಹೇಳಿದವನು ಮೇಸ್ತ್ರಿಯೇ ಎಂಬುದೂ ಅದರಲ್ಲಿ ಬಂತು. ಬಲ್ದೊಮೆರೊನನ್ನು ಅಲ್ಲೇ ಬಂಧಿಸಿದರು. ಆಗ ಅವನು ಟೋಪಿ ತೆಗೆದ.

ಸರ್ಕಾರಿ ವಕೀಲರು ಮೇಸ್ತ್ರಿಯನ್ನೂ ಕಸಿಮೀರಾಳನ್ನೂ ಕೋರ್ಟಿಗೆ ಹಾಜರುಪಡಿಸಿ ಎಂದರು. ಶುಕ್ರವಾರ ಕಸಿಮೀರಾ ಚರ್ಚಿಗೆ ಉಡುವ ನೀಲಿ ಉಡುಪು ತೊಟ್ಟು, ಕೂದಲು ಬಾಚಿ, ತಾನೇ ನಡೆದು ಬಂದಳು. ಮಗಳು ಹೊರಗೆ ನಿಂತು ಅಳುತ್ತಿದ್ದಳು. ಅಳೋದಾದ್ರೆ ಮನೆಗೆ ಹೋಗು ಎಂದು ಅವಳನ್ನು ಗದರಿದಳು. ಓಫೆಲಿಯಾಳನ್ನು ಹಿಡಿಯುತ್ತೀರಾ ಎಂದು ಕೇಳಿದಳು. ಅದು ವಕೀಲರಿಗೆ ಬಿಟ್ಟದ್ದು ಎಂದ ಸಲ್ದೀವಾರ್. ಮಗಳಿಗೆ ತುತ್ತು ಹಾಕಿದ ಕೈ ಅದು ಎಂದೂ ಬರೆಯಿರಿ ಎಂದಳು. ಅವನು ಬರೆದ.

ಉದ್ದೇಶ ಎಂಬಲ್ಲಿ 'ಪಿಂಚಣಿಗಾಗಿ' ಎಂದು ಬರೆದು ಓದಿದಾಗ ಅವಳು ಅಲ್ಲವೆಂದು ತಲೆಯಾಡಿಸಿದಳು.

"ಅದು ಈಗಿಂದು. ಆಗ ಯಾಕೆ ಮಾಡಿದೆ ಅಂತ ಕೇಳು."

"ಯಾಕೆ ಮಾಡಿದ್ರಿ?"

"ಮಗು ಹಸಿದಿತ್ತು. ನಂಗೆ ಕೆಲಸ ಬರ್ತಿತ್ತು."

ಅವನು ಹೊಡೆದುಹಾಕಿ ಅದನ್ನೇ ಬರೆದ. ಕೊನೆಗೆ ತನಿಖಾಧಿಕಾರಿಯ ಷರಾ. ಆರೋಪಿ ಕಸಿಮೀರಾ ಉಯೋವಾ ಇವರು ಓಫೆಲಿಯಾ ಅರ್ರೆಗೀನ್ ಹೆಸರಿನಲ್ಲಿ ಇಪ್ಪತ್ತಾರು ವರ್ಷ ಸದರಿ ಶೆಡ್ಡಿನಲ್ಲಿ ದುಡಿದಿರುವುದು ತನಿಖೆಯಿಂದ ಸಾಬೀತಾಗಿದೆ.

"ಇನ್ನೊಂದ್ಸಲ ಓದು," ಎಂದಳು.

ಓದಿದ. ಅವಳು ಎದ್ದು ನಿಂತು ಎರಡೂ ಕೈಗಳನ್ನು ಮುಂದೆ ಚಾಚಿದಳು.

"ಸರಿ. ಈಗ ಎಲ್ಲಿಗೆ ಬೇಕಾದ್ರೂ ಕರ್ಕೊಂಡ್ ಹೋಗು."